ಒಂದೇ ಹೊಂಗೆ, ನಾಲ್ಕು ಹೆಸರು: ಯಾವುದನ್ನು ಬರೆಯಬೇಕು?

ಪ್ರಶ್ನೆ: ಕಾಲೇಜಿಗಾಗಿ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಹಾಳೆಗಳನ್ನು ಸಿದ್ಧಪಡಿಸುತ್ತಿದ್ದೇನೆ. ಹೊಂಗೆಗೆ ಒಂದು ಪುಸ್ತಕದಲ್ಲಿ ಪೊಂಗಾಮಿಯಾ ಪಿನ್ನಾಟಾ, ಇನ್ನೊಂದರಲ್ಲಿ ಮಿಲ್ಲೆಟಿಯಾ ಪಿನ್ನಾಟಾ, ಮತ್ತೊಂದರಲ್ಲಿ ಡೆರಿಸ್ ಇಂಡಿಕಾ ಎಂದಿದೆ. ಹಳೆಯ ಪುಸ್ತಕವೊಂದು ಪೊಂಗಾಮಿಯಾ ಗ್ಲಾಬ್ರಾ ಎನ್ನುತ್ತದೆ. ಇವುಗಳಲ್ಲಿ ಸರಿ ಯಾವುದು? ಹೆಸರಿನ ಕೊನೆಗೆ ಆವರಣದೊಳಗೆ ‘ಎಲ್.’ ಎಂದು ಬರೆಯುವುದೇಕೆ? ಊರಿಗೊಂದು ಹೆಸರಿರುವ ಗೊಂದಲ ತಪ್ಪಿಸಲೆಂದೇ ವೈಜ್ಞಾನಿಕ ಹೆಸರು ಬಂತು ಎಂದು ಓದಿದ್ದೆ. ಹಾಗಾದರೆ ಇದೇನು?

ಉತ್ತರ: ಚೀಟಿಯಲ್ಲಿ ಪೊಂಗಾಮಿಯಾ ಪಿನ್ನಾಟಾ (ಎಲ್.) ಪಿಯೆರ್ ಎಂದು ಬರೆಯಿರಿ. ಆದರೆ ಉಳಿದ ಮೂರನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಬೇಡಿ. ಅವು ಬಂದ ದಾರಿಗಳು ಬೇರೆ ಬೇರೆ. ಆ ದಾರಿಗಳು ಅರ್ಥವಾದರೆ ಬೇರೆ ಯಾವ ಗಿಡದ ಹೆಸರು ಬದಲಾದಾಗಲೂ ನೀವೇ ಕಾರಣ ಕಂಡುಹಿಡಿಯಬಹುದು.

ಮೊದಲು ಎರಡು ಕೆಲಸಗಳನ್ನು ಬೇರೆ ಮಾಡಿ ನೋಡಬೇಕು. ಈ ಮರ ಯಾವ ಜಾತಿಗೆ (ಜೀನಸ್, ಹೆಸರಿನ ಮೊದಲ ಪದ) ಸೇರುತ್ತದೆ, ಪಕ್ಕದ ಪ್ರಭೇದಕ್ಕೂ (ಸ್ಪೀಶೀಸ್) ಇದಕ್ಕೂ ಗಡಿ ಎಲ್ಲಿ ಎಂದು ತೀರ್ಮಾನಿಸುವುದು ವರ್ಗೀಕರಣ. ಅದು ಸಾಕ್ಷ್ಯ ನೋಡಿ ಮಾಡುವ ತೀರ್ಮಾನ. ಇಬ್ಬರು ತಜ್ಞರು ಒಂದೇ ಸಾಕ್ಷ್ಯವಿಟ್ಟುಕೊಂಡು ಭಿನ್ನವಾಗಿ ಯೋಚಿಸಬಹುದು. ಆ ತೀರ್ಮಾನ ಆದಮೇಲೆ ಅದಕ್ಕೆ ಸಲ್ಲುವ ಹೆಸರು ಯಾವುದು ಎಂಬುದು ನಾಮಕರಣ. ಅದು ಕಾನೂನಿನ ವಿಷಯ, ಅಲ್ಲಿ ಯಾರ ಇಷ್ಟಾನಿಷ್ಟಕ್ಕೂ ಜಾಗವಿಲ್ಲ. ಪಾಚಿ, ಶಿಲೀಂಧ್ರ ಮತ್ತು ಸಸ್ಯಗಳಿಗೆ ಅನ್ವಯಿಸುವ ಅಂತರರಾಷ್ಟ್ರೀಯ ನಾಮಕರಣ ಸಂಹಿತೆ ಎರಡನೆಯ ಕೆಲಸವನ್ನಷ್ಟೇ ಮಾಡುತ್ತದೆ. ಹೊಂಗೆಯನ್ನು ಪೊಂಗಾಮಿಯಾದಲ್ಲಿ ಇಡಬೇಕೋ ಮಿಲ್ಲೆಟಿಯಾದಲ್ಲಿ ಇಡಬೇಕೋ ಎಂದು ಅದು ಎಲ್ಲೂ ಹೇಳುವುದಿಲ್ಲ. ನೀವು ಎಲ್ಲಿಟ್ಟಿರಿ ಎಂದು ಹೇಳಿದರೆ, ಅಲ್ಲಿ ಅದರ ಸರಿಯಾದ ಹೆಸರು ಇದೊಂದೇ ಎಂದು ತೋರಿಸುತ್ತದೆ. ಹಾಗಾಗಿ ‘ಯಾವುದು ಸರಿ’ ಎಂಬ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಅವನ್ನು ಬೆರೆಸಿದಾಗಲೇ ಗೊಂದಲ ಶುರುವಾಗುವುದು.

ಸಸ್ಯಗಳ ವಿಷಯದಲ್ಲಿ ಸಂಹಿತೆಯನ್ನು ತಿದ್ದುವ ಅಧಿಕಾರ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನಕ್ಕೆ ಮಾತ್ರ. ಅದು ಸಾಮಾನ್ಯವಾಗಿ ಆರು ವರ್ಷಕ್ಕೊಮ್ಮೆ ಸೇರುತ್ತದೆ. 2017ರಲ್ಲಿ ಶೆನ್‌ಝೆನ್‌ನಲ್ಲಿ, 2024ರಲ್ಲಿ ಮ್ಯಾಡ್ರಿಡ್‌ನಲ್ಲಿ ಸೇರಿತ್ತು. ಹೊಸ ಆವೃತ್ತಿ ಬಂದೊಡನೆ ಹಳೆಯದು ರದ್ದು. ಹೊಸ ನಿಯಮಗಳು, ಬೇರೆ ದಿನಾಂಕ ಹೇಳಿರದಿದ್ದರೆ, ಹಿಂದಿನ ಹೆಸರುಗಳಿಗೂ ಅನ್ವಯಿಸುತ್ತವೆ. ಹೂಬಿಡುವ ಸಸ್ಯಗಳ ಹೆಸರಿನ ಲೆಕ್ಕ ಶುರುವಾಗುವುದು 1753ರ ಮೇ 1ರಿಂದ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್‌ನ ‘ಸ್ಪೀಶೀಸ್ ಪ್ಲಾಂಟೇರಮ್’ ಪ್ರಕಟವಾಯಿತೆಂದು ಸಂಹಿತೆ ಗೊತ್ತುಮಾಡಿರುವ ದಿನ ಅದು. ಅದಕ್ಕಿಂತ ಹಿಂದಿನ ಹೆಸರು ಎಷ್ಟೇ ಪ್ರಸಿದ್ಧವಾಗಿದ್ದರೂ ಲೆಕ್ಕಕ್ಕಿಲ್ಲ.

ಈಗ ಹೊಂಗೆಗೆ ಬರೋಣ. 1753ರ ಆ ಪುಸ್ತಕದಲ್ಲಿ ಲಿನ್ನೇಯಸ್ ಈ ಮರಕ್ಕೆ ಸಿಟಿಸಸ್ ಪಿನ್ನಾಟಸ್ ಎಂದು ಹೆಸರಿಟ್ಟ. ಸಿಟಿಸಸ್‌ನ ಗುಂಪಿಗೆ ಈ ಮರ ಸೇರುವುದಿಲ್ಲವೆಂದು ನಂತರ ಸ್ಪಷ್ಟವಾಯಿತು. ಜಾತಿ ಬದಲಾದರೆ ಮೊದಲ ಪದ ಬದಲಾಗುತ್ತದೆ, ಎರಡನೆಯ ಪದ ಮಾತ್ರ ಜೊತೆಯಲ್ಲೇ ಹೋಗಬೇಕು. ಸಸ್ಯವಿಜ್ಞಾನಿ ಪಿಯೆರ್ ಅದನ್ನು ಪೊಂಗಾಮಿಯಾಕ್ಕೆ ತಂದಾಗ ಪೊಂಗಾಮಿಯಾ ಪಿನ್ನಾಟಾ ಆಯಿತು. ಪೊಂಗಾಮಿಯಾವನ್ನು ಪ್ರತ್ಯೇಕ ಜಾತಿಯಾಗಿ ಉಳಿಸುವಷ್ಟು ವ್ಯತ್ಯಾಸವಿಲ್ಲ, ಮಿಲ್ಲೆಟಿಯಾದೊಳಗೇ ಸೇರಿಸಬೇಕು ಎಂದವರಿಗಾಗಿ ಪಾಣಿಗ್ರಾಹಿ ಮಿಲ್ಲೆಟಿಯಾ ಪಿನ್ನಾಟಾ ಎಂಬ ಜೋಡಿ ಪ್ರಕಟಿಸಿದರು. ಮೂರರಲ್ಲೂ ಇರುವುದು 1753ರ ಅದೇ ‘ಪಿನ್ನಾಟಸ್’. ಇಂಥ ಮೂಲ ಹೆಸರನ್ನು ಬೇಸಿಯೋನಿಮ್ ಎನ್ನುತ್ತಾರೆ.

ಪೊಂಗಾಮಿಯಾ ಗ್ಲಾಬ್ರಾ ಬಿದ್ದುಹೋದದ್ದು ಆದ್ಯತೆಯ ನಿಯಮದಿಂದ. ವೆಂಟೆನಾ ಅದನ್ನು ಕೊಟ್ಟದ್ದು 19ನೆಯ ಶತಮಾನದ ಆರಂಭದಲ್ಲಿ. ‘ಪಿನ್ನಾಟಸ್’ ಅದಕ್ಕಿಂತ ಅರ್ಧ ಶತಮಾನ ಹಳೆಯದು. ಒಂದೇ ಪ್ರಭೇದಕ್ಕೆ ಎರಡು ಪದಗಳಿದ್ದರೆ ಮೊದಲು ಸಿಂಧುವಾಗಿ ಪ್ರಕಟವಾದದ್ದೇ ನಿಲ್ಲುತ್ತದೆ. ಗ್ಲಾಬ್ರಾ ಎಂದರೆ ರೋಮವಿಲ್ಲದ್ದು, ನುಣುಪಾದದ್ದು. ಹೊಂಗೆ ಎಲೆಗೆ ಅದು ಚೆನ್ನಾಗಿಯೇ ಒಪ್ಪುತ್ತದೆ, ಆದರೆ ಒಪ್ಪುವ ಅರ್ಥಕ್ಕೆ ಇಲ್ಲಿ ಬೆಲೆಯಿಲ್ಲ. ಅರ್ಥ ತಪ್ಪಾಗಿದೆ ಎಂದು ಹೆಸರನ್ನು ತೆಗೆಯುವಂತೆಯೂ ಇಲ್ಲ. ಸಿಲ್ಲಾ ಪೆರುವಿಯಾನಾ ಪೆರು ದೇಶದ್ದಲ್ಲ, ಮೆಡಿಟರೇನಿಯನ್ ಕಡೆಯ ಗೆಡ್ಡೆಗಿಡ. ಟ್ಯಾಮರಿಂಡಸ್ ಇಂಡಿಕಾ ಎನ್ನುವ ಹುಣಸೆಯ ತವರು ಆಫ್ರಿಕಾ. ಎರಡೂ ಹಾಗೆಯೇ ಉಳಿದಿವೆ.

ಡೆರಿಸ್ ಇಂಡಿಕಾ ಇವೆಲ್ಲಕ್ಕಿಂತ ಸ್ವಾರಸ್ಯದ್ದು. ಹೊಂಗೆಯನ್ನು ಡೆರಿಸ್ ಜಾತಿಗೆ ಸೇರಿಸಿದರೆ ಅದು ಡೆರಿಸ್ ಪಿನ್ನಾಟಾ ಆಗಬೇಕಿತ್ತಲ್ಲವೇ? ಆಗಲಿಲ್ಲ, ಏಕೆಂದರೆ 1790ರಲ್ಲೇ ಲೌರೇರೊ ಬೇರೊಂದು ಗಿಡಕ್ಕೆ ಡೆರಿಸ್ ಪಿನ್ನಾಟಾ ಎಂದು ಹೆಸರಿಟ್ಟಿದ್ದ. ಒಂದೇ ಹೆಸರು ಎರಡು ಗಿಡಗಳಿಗೆ ಇರುವಂತಿಲ್ಲ. ನಂತರ ಬಂದದ್ದು ಹೋಮೋನಿಮ್ ಆಗಿ ನಿಯಮಬಾಹಿರವಾಗುತ್ತದೆ. ಆಗ ಲಾಮಾರ್ಕ್ ಇದೇ ಮರಕ್ಕೆ ಕೊಟ್ಟಿದ್ದ ಗಲೆಡುಪಾ ಇಂಡಿಕಾ ಎಂಬ ಹೆಸರಿನಿಂದ ‘ಇಂಡಿಕಾ’ವನ್ನು ತೆಗೆದುಕೊಳ್ಳಬೇಕಾಯಿತು. ಲೌರೇರೊನ ಗಿಡ ಈಗ ಡೆರಿಸ್‌ನಲ್ಲಿ ಇಲ್ಲವೇ ಇಲ್ಲ, ಅದು ಡಾಲ್ಬರ್ಜಿಯಾ ಪಿನ್ನಾಟಾ. ಆದರೂ ಆ ಹಳೆಯ ಜೋಡಿ ಜಾಗ ಬಿಟ್ಟುಕೊಡುವುದಿಲ್ಲ. ಒಮ್ಮೆ ಸಿಂಧುವಾಗಿ ಪ್ರಕಟವಾದ ಹೆಸರು ಬಳಕೆಯಿಂದ ಹೋದರೂ ದಾಖಲೆಯಿಂದ ಹೋಗದು.

ಬೇವಿನದೂ ಇದೇ ಬಗೆಯ ತೊಡಕು. ಲಿನ್ನೇಯಸ್ ಇಟ್ಟದ್ದು ಮೆಲಿಯಾ ಅಜಾಡಿರಾಕ್ಟಾ. ಅಜಾಡಿರಾಕ್ಟಾ ಎಂಬ ಹೊಸ ಜಾತಿ ಮಾಡಿದಾಗ ಎರಡನೆಯ ಪದವನ್ನು ಹಾಗೆಯೇ ಒಯ್ದಿದ್ದರೆ ಅಜಾಡಿರಾಕ್ಟಾ ಅಜಾಡಿರಾಕ್ಟಾ ಆಗುತ್ತಿತ್ತು. ಪ್ರಾಣಿಗಳಲ್ಲಿ ಗೊರಿಲ್ಲಾ ಗೊರಿಲ್ಲಾ ನಡೆಯುತ್ತದೆ, ಸಸ್ಯಗಳಲ್ಲಿ ಅದೇ ಪದ ಮರುಕಳಿಸಿದ ಹೆಸರು ಸಂಪೂರ್ಣ ನಿಷಿದ್ಧ. ಆದ್ದರಿಂದ ಹೊಸ ಪದ ಬಂತು: ಅಜಾಡಿರಾಕ್ಟಾ ಇಂಡಿಕಾ ಎ. ಜಸ್. (ಆ ಹೆಸರು ಕೊಟ್ಟ ಜಸ್ಸಿಯುವಿನ ಸಂಕ್ಷೇಪ). ಇಲ್ಲಿ ಆವರಣದೊಳಗೆ ಎಲ್. ಇಲ್ಲದಿರುವುದನ್ನು ಗಮನಿಸಿ, ‘ಇಂಡಿಕಾ’ ಲಿನ್ನೇಯಸ್ ಕೊಟ್ಟದ್ದಲ್ಲ. ಯಾರಾದರೂ ಬೇವನ್ನು ಮತ್ತೆ ಮೆಲಿಯಾಕ್ಕೆ ಸೇರಿಸಿದರೆ ಅದರ ಸರಿಯಾದ ಹೆಸರು ಪುನಃ ಮೆಲಿಯಾ ಅಜಾಡಿರಾಕ್ಟಾ ಎಲ್. ಆಗುತ್ತದೆ, ಮೆಲಿಯಾ ಇಂಡಿಕಾ ಅಲ್ಲ. ತೊಗರಿಯ ಕಜಾನಸ್ ಕಜಾನ್ ಈ ನಿಷೇಧಕ್ಕೆ ಸಿಕ್ಕಿಕೊಳ್ಳದೆ ಪಾರಾಗಿದೆ. ನಿಷೇಧ ಇರುವುದು ಅಕ್ಷರಕ್ಕೆ ಅಕ್ಷರ ಒಂದೇ ಆದಾಗ ಮಾತ್ರ. ಅಂದಹಾಗೆ ಬೇವಿನ ಹತ್ತಿರದ ಸಂಬಂಧಿಯ ಹೆಸರು ಮೆಲಿಯಾ ಅಜೆಡರಾಕ್. ಅಜಾಡಿರಾಕ್ಟಾ ಮತ್ತು ಅಜೆಡರಾಕ್ ಬೇರೆ ಬೇರೆ ಮರಗಳು. ಚೀಟಿಗಳಲ್ಲಿ ಇವು ಅದಲುಬದಲಾಗುವುದು ತೀರಾ ಸಾಮಾನ್ಯ.

ನಿಮ್ಮ ‘ಎಲ್.’ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಬಂತು. ಆವರಣದೊಳಗಿನವರು ಎರಡನೆಯ ಪದವನ್ನು ಮೊದಲು ಕೊಟ್ಟವರು, ಹೊರಗಿನವರು ಅದನ್ನು ಈಗಿನ ಜಾತಿಗೆ ಅಥವಾ ಈಗಿನ ದರ್ಜೆಗೆ ತಂದವರು. ಆವರಣವೇ ಇಲ್ಲದಿದ್ದರೆ ಹೆಸರು ಮೊದಲಿನ ಜಾತಿಯಲ್ಲೇ ಇದೆ ಎಂದರ್ಥ. ಅದಕ್ಕೇ ಆವರಣ ಬಿಡುವುದು ಸಣ್ಣ ತಪ್ಪಲ್ಲ. ‘ಎಲ್.’ ಎಂದರೆ ಲಿನ್ನೇಯಸ್, ‘ಎಲ್. ಎಫ್.’ ಎಂದರೆ ಅವನ ಮಗ. ತೇಗ, ಅಂದರೆ ಟೆಕ್ಟೋನಾ ಗ್ರಾಂಡಿಸ್, ಮಗನ ಹೆಸರಿನಲ್ಲಿದೆ. ಹುಕ್. ಮತ್ತು ಹುಕ್. ಎಫ್. ಎಂಬ ಹುಕರ್‌ಗಳು ಕೂಡ ಹಾಗೆಯೇ ಅಪ್ಪ ಮಗ. ಇಬ್ಬರ ನಡುವೆ ‘ಎಕ್ಸ್’ ಎಂಬ ಲ್ಯಾಟಿನ್ ಪದ ಬಂದರೆ, ಮೊದಲನೆಯವರು ಸೂಚಿಸಿ ಸಿಂಧುವಾಗಿ ಪ್ರಕಟಿಸದೆ ಬಿಟ್ಟದ್ದನ್ನು ಎರಡನೆಯವರು ಪ್ರಕಟಿಸಿದ್ದಾರೆ ಎಂದರ್ಥ; ಜಾಗ ಉಳಿಸಬೇಕಾದರೆ ಕೈಬಿಡಬಹುದಾದ್ದು ಮೊದಲ ಹೆಸರನ್ನು, ಎರಡನೆಯದನ್ನಲ್ಲ. ಸಾಮಾನ್ಯ ಲೇಖನದಲ್ಲಿ ಕರ್ತೃಗಳ ಹೆಸರು ಬೇಕಿಲ್ಲ. ಹರ್ಬೇರಿಯಂ ಚೀಟಿಯಲ್ಲಿ ಮಾತ್ರ ಬಿಡಬೇಡಿ.

ಹಾಗಾದರೆ ಹೆಸರು ಯಾವುದಕ್ಕೆ ಅಂಟಿಕೊಂಡಿರುತ್ತದೆ? ವರ್ಣನೆಗೆ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ, ಟೈಪ್ ಎನ್ನುವ ಮಾದರಿಗೆ. ಪ್ರಭೇದದ ಮಟ್ಟದಲ್ಲಿ ಅದು ಸಾಮಾನ್ಯವಾಗಿ ಒಣಗಿಸಿಟ್ಟ ಒಂದೇ ಒಂದು ಹಾಳೆ. ಕೆಲವೊಮ್ಮೆ, ಅದರಲ್ಲೂ ಹಳೆಯ ಹೆಸರುಗಳಿಗೆ, ಒಂದು ಚಿತ್ರ. ಕರ್ತೃವೇ ಗೊತ್ತುಮಾಡಿದ್ದು ಹೋಲೋಟೈಪ್, ಅದೇ ಸಂಗ್ರಹದ ಜೊತೆ ಹಾಳೆಗಳು ಐಸೋಟೈಪ್. ಹಳೆಯವರು ಹೀಗೆ ಗೊತ್ತುಮಾಡುತ್ತಿರಲಿಲ್ಲ, ಅಂಥ ಕಡೆ ಮೂಲ ಸಾಮಗ್ರಿಯಿಂದ ನಂತರದವರು ಆರಿಸಿದ್ದು ಲೆಕ್ಟೋಟೈಪ್. ಮೂಲ ಸಾಮಗ್ರಿಯೆಲ್ಲ ನಾಶವಾಗಿದ್ದರೆ ನಿಯೋಟೈಪ್. 1958ರ ಜನವರಿ 1ರಿಂದ ಟೈಪ್ ಸೂಚಿಸದೆ ಹೊಸ ಪ್ರಭೇದದ ಹೆಸರು ಸಿಂಧುವಾಗುವುದಿಲ್ಲ. 1990ರಿಂದ ಅದು ಯಾವ ಹರ್ಬೇರಿಯಂನಲ್ಲಿದೆ ಎಂದೂ ಹೇಳಬೇಕು. ಟೈಪ್ ಆ ಪ್ರಭೇದದ ಸರಾಸರಿ ಗಿಡ ಆಗಿರಬೇಕಿಲ್ಲ. ಹುಳು ತಿಂದ, ಹೂವಿಲ್ಲದ ಕೊಂಬೆಯೂ ಟೈಪ್ ಆಗಿರಬಹುದು. ಹೆಸರು ಎಲ್ಲಿ ನಿಲ್ಲಬೇಕು ಎಂದು ತೋರಿಸುವುದಷ್ಟೇ ಅದರ ಕೆಲಸ.

ಒಂದು ಗುಂಪನ್ನು ಒಡೆದಾಗ ಇದರ ಮಹತ್ವ ತಿಳಿಯುತ್ತದೆ. ಸಾವಿರಕ್ಕೂ ಮಿಕ್ಕ ಪ್ರಭೇದಗಳಿದ್ದ ಅಕೇಶಿಯಾ ಜಾತಿ ನಿಜವಾಗಿ ಒಂದೇ ಕವಲಲ್ಲ ಎಂದು ಸಾಕ್ಷ್ಯ ಬಂತು. ಒಡೆದರೆ ಅಕೇಶಿಯಾ ಎಂಬ ಹೆಸರು ಟೈಪ್ ಇರುವ ತುಂಡಿನ ಜೊತೆ ಹೋಗಬೇಕು, ಮತ್ತು ಆ ಟೈಪ್ ಕರಿಜಾಲಿಯ ಕಡೆಯಲ್ಲಿತ್ತು. ಆದರೆ ಸುಮಾರು ಸಾವಿರ ಪ್ರಭೇದಗಳಿದ್ದದ್ದು ಆಸ್ಟ್ರೇಲಿಯಾದ ತುಂಡಿನಲ್ಲಿ. ಅಷ್ಟೂ ಹೆಸರು ಬದಲಿಸಬೇಕಾಗುತ್ತಿತ್ತು. 2005ರ ವಿಯೆನ್ನಾ ಸಮ್ಮೇಳನ ಆಸ್ಟ್ರೇಲಿಯಾದ ಪ್ರಭೇದವೊಂದನ್ನು ಟೈಪ್ ಎಂದು ಕಾಯ್ದಿರಿಸಿತು. ತೀವ್ರ ಜಗಳವಾಯಿತು, 2011ರ ಮೆಲ್ಬರ್ನ್ ಸಮ್ಮೇಳನದಲ್ಲಿ ತೀರ್ಮಾನ ಹಾಗೆಯೇ ನಿಂತಿತು. ಅಕೇಶಿಯಾ ನಿಲೋಟಿಕಾ ಎಂದು ನಾವು ಕಲಿತಿದ್ದ ಕರಿಜಾಲಿ ವಾಶೇಲಿಯಾ ನಿಲೋಟಿಕಾ ಆದದ್ದು ಹೀಗೆ. ಮರ ಬದಲಾಗಲಿಲ್ಲ, ಪ್ರಭೇದದ ಗಡಿಯೂ ಬದಲಾಗಲಿಲ್ಲ. ಬಳಕೆಯ ಸ್ಥಿರತೆಗಾಗಿ ಆದ್ಯತೆಯನ್ನು ಬದಿಗಿಡಲು ಸಂಹಿತೆಯಲ್ಲಿ ಇರುವ ಬಾಗಿಲು ಈ ಕಾಯ್ದಿರಿಸುವಿಕೆ. ಅದನ್ನು ಅತಿಯಾಗಿ ತೆರೆಯಬಾರದು ಎಂದು ವಾದಿಸುವವರ ಮಾತಿನಲ್ಲೂ ಹುರುಳಿದೆ.

ಡಿಎನ್‌ಎ ಬಂದಮೇಲೆ ಹೆಸರುಗಳು ಹೆಚ್ಚು ಬದಲಾದದ್ದು ನಿಜ. ಒಬ್ಬ ಪೂರ್ವಜನಿಂದ ಬಂದ ಎಲ್ಲ ಸಂತತಿಯೂ ಒಂದೇ ಗುಂಪಿನಲ್ಲಿರಬೇಕು ಎಂಬ ತತ್ತ್ವವನ್ನು ಈಗ ಬಿಗಿಯಾಗಿ ಪಾಲಿಸುತ್ತಾರೆ. ಕುಟುಂಬಗಳ ಮಟ್ಟದಲ್ಲಿ 1998ರಿಂದ ಬರುತ್ತಿರುವ ಎಪಿಜಿ (ಆಂಜಿಯೋಸ್ಪರ್ಮ್ ಫೈಲೊಜೆನಿ ಗ್ರೂಪ್ ಎಂಬ ತಜ್ಞರ ಗುಂಪಿನ) ಪದ್ಧತಿ ಇದನ್ನು ಮಾಡಿದೆ. 2016ರ ನಾಲ್ಕನೆಯ ಆವೃತ್ತಿಯಲ್ಲಿ 64 ಗಣಗಳು (ಕುಟುಂಬಗಳ ಗುಂಪು, ಆರ್ಡರ್), 416 ಕುಟುಂಬಗಳಿವೆ. ಹಳೆಯ ಪಠ್ಯದ ಎಕ್ಕದ ಕುಟುಂಬ ಅಪೋಸೈನೇಸಿಯೊಳಗೆ, ಬೂರುಗದ ಕುಟುಂಬ ಮಾಲ್ವೇಸಿಯೊಳಗೆ ಸೇರಿದವು. ತೇಗ ವರ್ಬಿನೇಸಿ ಬಿಟ್ಟು ಲೇಮಿಯೇಸಿಗೆ, ಈರುಳ್ಳಿ ಲಿಲಿಯೇಸಿ ಬಿಟ್ಟು ಅಮಾರಿಲ್ಲಿಡೇಸಿಗೆ ಹೋದವು. ಅನೇಕ ಹರ್ಬೇರಿಯಂಗಳ ಕಪಾಟುಗಳು ಇಂದಿಗೂ 1862ರಿಂದ 1883ರವರೆಗೆ ಪ್ರಕಟವಾದ ಬೆಂಥಮ್ ಮತ್ತು ಹುಕರ್ ಕ್ರಮದಲ್ಲೇ ಇವೆ, ಹಾಳೆ ಹುಡುಕುವಾಗ ಹಳೆಯ ಕುಟುಂಬವೂ ಗೊತ್ತಿರಲಿ. ಹೊಂಗೆಗೆ ಫ್ಯಾಬೇಸಿ ಎಂದರೂ ಲೆಗ್ಯುಮಿನೋಸಿ ಎಂದರೂ ನಡೆಯುತ್ತದೆ. ಹೀಗೆ ಎರಡೂ ಹೆಸರು ಸಿಂಧುವಾಗಿರುವ ಕುಟುಂಬಗಳು ಮುಖ್ಯವಾಗಿ ಎಂಟು. ಹುಲ್ಲು, ತಾಳೆ, ಸೂರ್ಯಕಾಂತಿ, ಸಾಸಿವೆ, ತುಳಸಿಯ ಕುಟುಂಬಗಳೂ ಆ ಎಂಟರಲ್ಲಿವೆ.

ಬರೆಯುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಲಿಂಗದವು. ಎರಡನೆಯ ಪದ ವಿಶೇಷಣವಾದರೆ ಜಾತಿಯ ಲಿಂಗವನ್ನು ಅನುಸರಿಸಬೇಕು. ಬಿತ್ತಿ ಬೆಳೆದದ್ದು ಎಂಬ ಒಂದೇ ಪದ ಭತ್ತದಲ್ಲಿ ಒರೈಜಾ ಸಟೈವಾ, ಬೆಳ್ಳುಳ್ಳಿಯಲ್ಲಿ ಆಲಿಯಮ್ ಸಟೈವಮ್, ಕೇಸರಿಯಲ್ಲಿ ಕ್ರೋಕಸ್ ಸಟೈವಸ್. ಸಿಟಿಸಸ್‌ನಲ್ಲಿ ‘ಪಿನ್ನಾಟಸ್’ ಇದ್ದದ್ದು ಪೊಂಗಾಮಿಯಾದಲ್ಲಿ ‘ಪಿನ್ನಾಟಾ’ ಆದದ್ದೂ ಇದಕ್ಕೇ. ಕೊನೆಯಲ್ಲಿ ‘ಅಸ್’ ಕಂಡೊಡನೆ ಪುಲ್ಲಿಂಗವೆಂದು ತಿಳಿಯಬೇಡಿ: ಫೈಕಸ್ ರೆಲಿಜಿಯೋಸಾ, ಮೋರಸ್ ಆಲ್ಬಾ ನೋಡಿ. ಮರಗಳ ಹಳೆಯ ಲ್ಯಾಟಿನ್ ಹೆಸರುಗಳು ಸಂಪ್ರದಾಯದಿಂದ ಸ್ತ್ರೀಲಿಂಗ. ಇನ್ನು ಕಾಗುಣಿತ. ಆಲದ ಹೆಸರಿನಲ್ಲಿ ಲಿನ್ನೇಯಸ್ ‘ಬೆಂಘಾಲೆನ್ಸಿಸ್’ ಎಂದು ಮಹಾಪ್ರಾಣದ ಅಕ್ಷರ ಸೇರಿಸಿಯೇ ಬರೆದಿದ್ದಾನೆ. ಅದನ್ನು ನೀವು ‘ಸರಿ’ಪಡಿಸುವಂತಿಲ್ಲ. ಇಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಚೀಟಿಯಲ್ಲಿ ರೋಮನ್ ಲಿಪಿಯೇ ಬೇಕು: ಜಾತಿಯ ಮೊದಲ ಅಕ್ಷರ ದೊಡ್ಡದು, ಎರಡನೆಯ ಪದ ಪೂರ್ತಿ ಸಣ್ಣಕ್ಷರ, ಎರಡೂ ಓರೆ ಅಕ್ಷರದಲ್ಲಿ, ಕೈಬರಹವಾದರೆ ಬೇರೆ ಬೇರೆಯಾಗಿ ಅಡಿಗೆರೆ. ಕರ್ತೃಗಳ ಹೆಸರು ನೇರ ಅಕ್ಷರದಲ್ಲಿ.

ತೋಟಗಾರಿಕೆಯ ತಳಿಗೆ ‘ವೆರೈಟಿ’ ಎಂದು ಬರೆದು ಸಸ್ಯಶಾಸ್ತ್ರದಲ್ಲಿ ಪ್ರಭೇದಕ್ಕಿಂತ ಕೆಳಗಿರುವ ವೆರೈಟಿ ದರ್ಜೆಯೊಡನೆ ಬೆರೆಸುವುದು ಇನ್ನೊಂದು ತಪ್ಪು. ತಳಿಗಳಿಗೆ ಬೇರೆಯೇ ಸಂಹಿತೆಯಿದೆ. ಅವನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ, ದೊಡ್ಡಕ್ಷರದಿಂದ ಶುರುಮಾಡಿ, ಓರೆ ಮಾಡದೆ ಬರೆಯಬೇಕು: ಮ್ಯಾಂಜಿಫೆರಾ ಇಂಡಿಕಾ ‘ಅಲ್ಫಾನ್ಸೊ’. ಮಿಶ್ರತಳಿಯ ಪ್ರಭೇದಕ್ಕೆ ಗುಣಾಕಾರ ಚಿಹ್ನೆ, ಮೆಂಥಾ × ಪಿಪೆರಿಟಾ ಎಂಬಂತೆ.

ಹೆಸರು ಪರೀಕ್ಷಿಸುವ ಕ್ರಮ ಹೀಗಿರಲಿ. ಮೊದಲು ಐಪಿಎನ್‌ಐ (ಇಂಟರ್‌ನ್ಯಾಷನಲ್ ಪ್ಲಾಂಟ್ ನೇಮ್ಸ್ ಇಂಡೆಕ್ಸ್) ಸೂಚಿಯಲ್ಲಿ ಹುಡುಕಿ ಕಾಗುಣಿತ, ಕರ್ತೃ, ಪ್ರಕಟವಾದ ಪುಟ ಮತ್ತು ವರ್ಷ ಗುರುತು ಮಾಡಿಕೊಳ್ಳಿ. ಅದು ಪ್ರಕಟವಾದ ಹೆಸರುಗಳ ಪಟ್ಟಿ ಮಾತ್ರ, ಅಲ್ಲಿ ಸಿಕ್ಕಿತು ಎಂದರೆ ಸರಿಯಾದ ಹೆಸರು ಎಂದಲ್ಲ. ಆಮೇಲೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ‘ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್’ ಮತ್ತು ‘ವರ್ಲ್ಡ್ ಫ್ಲೋರಾ ಆನ್‌ಲೈನ್’ ಎರಡರಲ್ಲೂ ಒಪ್ಪಿತ ಹೆಸರು ನೋಡಿ. ಎರಡೂ ಒಂದೇ ಹೇಳಿದರೆ ಅದನ್ನು ಬಳಸಿ. ಭಿನ್ನವಾದರೆ ಒಂದನ್ನು ಅನುಸರಿಸಿ, ಯಾವುದನ್ನು ಅನುಸರಿಸಿದಿರಿ ಎಂದು ನಮೂದಿಸಿ; ಅರ್ಧ ಹೆಸರು ಅಲ್ಲಿಂದ, ಅರ್ಧ ಇಲ್ಲಿಂದ ಎತ್ತಬೇಡಿ. ಅನುಮಾನವಿದ್ದರೆ ಮೂಲ ಪುಟವನ್ನೇ ‘ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ’ಯಲ್ಲಿ ತೆರೆದು ನೋಡಬಹುದು, ಹಳೆಯ ಪುಸ್ತಕಗಳು ಬಹುಪಾಲು ಅಲ್ಲಿ ಉಚಿತವಾಗಿವೆ. ಹೆಸರಿನ ಪಕ್ಕ ‘ಆಕ್ಟ್. ನಾನ್’ ಎಂದು ಕಂಡರೆ ಎಚ್ಚರ: ಆ ಹೆಸರನ್ನು ಯಾರೋ ತಪ್ಪು ಗಿಡಕ್ಕೆ ಬಳಸಿದ್ದಾರೆ, ಅದು ಸಿನಾನಿಮ್ (ಅದೇ ಗಿಡದ ಇನ್ನೊಂದು ಹೆಸರು) ಅಲ್ಲ.

ಇಷ್ಟು ಮಾಡಿದರೂ ಗಿಡದ ಗುರುತೇ ತಪ್ಪಾಗಿದ್ದರೆ ಎಲ್ಲ ವ್ಯರ್ಥ. ಹಳೆಯ ಹೆಸರಿರುವ ಹಾಳೆಯನ್ನು ಯಾರು ಬೇಕಾದರೂ ಒಂದು ನಿಮಿಷದಲ್ಲಿ ಹೊಸ ಹೆಸರಿಗೆ ತರಬಹುದು. ತಪ್ಪು ಗುರುತಿರುವ ಹಾಳೆ ಕಪಾಟಿನ ತಪ್ಪು ಖಾನೆಯಲ್ಲಿ ಕಣ್ಣಿಗೆ ಬೀಳದೆ ಕೂತಿರುತ್ತದೆ. ಗುರುತಿಸುವ ಕೀಲಿಯಲ್ಲಿ (ಹಂತಹಂತವಾಗಿ ಎರಡರಲ್ಲಿ ಒಂದನ್ನು ಆರಿಸುತ್ತಾ ಗಿಡದ ಹೆಸರಿಗೆ ತಲುಪುವ ಪಟ್ಟಿ) ಪ್ರತಿ ಹಂತದ ಎರಡೂ ಆಯ್ಕೆಗಳನ್ನು ಪೂರ್ತಿ ಓದಿ, ಒಂದು ಎಲೆಯನ್ನಲ್ಲ ಹಲವನ್ನು ನೋಡಿ, ಕೊನೆಗೆ ಬಂದ ಹೆಸರನ್ನು ವರ್ಣನೆಯೊಡನೆ ಹೋಲಿಸಿ. ಹೊಂಗೆಯಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಎಂದರೆ ಒಂದು ಎಸಳನ್ನೇ, ಅಂದರೆ ಎಲೆಯ ಒಂದು ಬಿಡಿಭಾಗವನ್ನೇ, ಪೂರ್ತಿ ಎಲೆ ಎಂದು ಕಿತ್ತು ತರುವುದು. ಅದರದು ಸಂಯುಕ್ತ ಎಲೆ, ಸಾಮಾನ್ಯವಾಗಿ 5ರಿಂದ 7 ಎಸಳುಗಳು, ತುದಿಯಲ್ಲಿ ಒಂಟಿ ಎಸಳು. ‘ಪಿನ್ನಾಟಾ’ ಹೇಳುವುದು ಆ ಗರಿಯಾಕಾರವನ್ನೇ. ಬುಡದ ಮೊಗ್ಗು ಕಾಣುವಂತೆ ಕೊಂಬೆಸಹಿತ ಕತ್ತರಿಸಿ, ಒತ್ತುವಾಗ ಒಂದು ಎಲೆಯನ್ನು ಮಗುಚಿ ಹಿಂಬದಿ ಕಾಣುವಂತೆ ಇಡಿ. ಹೂವೂ ಕಾಯಿಯೂ ಒಟ್ಟಿಗೆ ಸಿಗದಿದ್ದರೆ ಅದೇ ಮರಕ್ಕೆ ಎರಡು ಸಲ ಹೋಗಿ. ಆದರೆ ಎರಡು ದಿನದ ಸಂಗ್ರಹಕ್ಕೆ ಎರಡು ಸಂಗ್ರಹ ಸಂಖ್ಯೆ ಕೊಡಬೇಕು, ಒಂದೇ ಹಾಳೆಗೆ ಅಂಟಿಸಬಾರದು.

ಮೊದಲ ಕೆಲವು ದಿನ ಪತ್ರಿಕೆಯ ಹಾಳೆಗಳನ್ನು ದಿನಕ್ಕೊಮ್ಮೆ ಬದಲಿಸಿ. ಸೋಮಾರಿತನ ಮಾಡಿದರೆ ಎಲೆ ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಎಸಳುಗಳು ಕಳಚಿಕೊಳ್ಳುತ್ತವೆ. ಒಣಗಿದ್ದನ್ನು ಗಾಳಿಯಾಡದ ಚೀಲದಲ್ಲಿಟ್ಟು ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಹುಳುಗಳು ಸಾಯುತ್ತವೆ. ಹಾಳೆ ಸುಮಾರು 42 × 29 ಸೆಂ.ಮೀ., ಚೀಟಿ ಕೆಳಗಿನ ಬಲಮೂಲೆಯಲ್ಲಿ. ಹೆಸರು ಮತ್ತು ಕರ್ತೃ, ಕುಟುಂಬ, ಸ್ಥಳ, ಅಕ್ಷಾಂಶ ರೇಖಾಂಶ, ಎತ್ತರ, ದಿನಾಂಕ, ಸಂಗ್ರಹಿಸಿದವರು ಮತ್ತು ಸಂಖ್ಯೆ ಇರಲಿ. ಒಣಗಿದ ಮೇಲೆ ಕಾಣದೆ ಹೋಗುವುದನ್ನೆಲ್ಲ ಅಲ್ಲೇ ಬರೆಯಿರಿ: ಮರದ ಎತ್ತರ, ತೊಗಟೆ, ಹೂವಿನ ಬಣ್ಣ, ವಾಸನೆ. ಹೊಂಗೆ ಹೂವಿನ ಬಿಳಿ ಮತ್ತು ನಸುನೇರಳೆ ಒಣಗಿದಾಗ ಉಳಿಯುವುದಿಲ್ಲ. ನಾಳೆ ಹೆಸರು ಬದಲಾದರೆ ಹಳೆಯ ಚೀಟಿಯನ್ನು ಹರಿಯಬೇಡಿ, ತಿದ್ದಲೂ ಬೇಡಿ. ಹೊಸ ಹೆಸರು, ನಿರ್ಧರಿಸಿದವರ ಹೆಸರು ಮತ್ತು ವರ್ಷ ಬರೆದ ಸಣ್ಣ ಚೀಟಿಯನ್ನು ಅದರ ಮೇಲ್ಭಾಗದಲ್ಲಿ ಬೇರೆಯಾಗಿ ಅಂಟಿಸಿ.